ಬೇವಿನ ನೀರಿನ ಫಾರ್ವರ್ಡ್

ಸರೋಜತ್ತೆ: (ಫಾರ್ವರ್ಡ್ ಆದ ಸಂದೇಶ) ಬಿಳಿ ಸೆರಗಿಗೆ ರಾಮಬಾಣ! ಬೇವಿನ ಎಲೆ ಕುದಿಸಿದ ನೀರಿಗೆ ಪಟಿಕದ (ಆಲಮ್) ಪುಡಿ ಬೆರೆಸಿ ದಿನಕ್ಕೆರಡು ಬಾರಿ ಒಳಭಾಗವನ್ನು ತೊಳೆಯಿರಿ. ಎಲ್ಲ ಸೋಂಕೂ ಮಾಯ. ಹತ್ತು ಜನ ಸಹೋದರಿಯರಿಗೆ ಕಳುಹಿಸಿ.

ವಿದ್ಯಾ: ಅತ್ತೆ, ಇದನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಯೋನಿಯ ಒಳಗೆ ತೊಳೆಯುವುದೇ ತಪ್ಪು. ಮುಟ್ಟಾಗುವ ವಯಸ್ಸಿನಲ್ಲಿ ಅಲ್ಲಿರುವ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಿ, ಹುಳಿಯ ಅಳತೆಯಾದ ಪಿಎಚ್ ಅನ್ನು 3.8ರಿಂದ 4.5ರ ಆಸುಪಾಸಿನಲ್ಲಿ ಕಾಯುತ್ತವೆ. ತೊಳೆದರೆ ಮೊದಲು ಕೊಚ್ಚಿ ಹೋಗುವುದು ಅವೇ.

ಸರೋಜತ್ತೆ: ನಾಲ್ಕಕ್ಷರ ಕಲಿತ ಕೂಡಲೇ ಬೇವೂ ವಿಷವಾಯಿತೇ? ನಮ್ಮಮ್ಮ ಬಾಣಂತಿಯರಿಗೆ ಎರೆದದ್ದು ಬೇವಿನ ನೀರನ್ನೇ.

ವಿದ್ಯಾ: ಎರೆದದ್ದು ಮೈಮೇಲೆ, ಅತ್ತೆ. ಅಜ್ಜಿ ಒಳಗೆ ಪಿಚಕಾರಿ ಬಿಟ್ಟಿರಲಿಲ್ಲ.

ಗೀತಾ ಚಿಕ್ಕಮ್ಮ: ಹೈಸ್ಕೂಲಿನ ಹುಡುಗಿಯರೂ ಈ ಗುಂಪಿನಲ್ಲಿದ್ದಾರೆ. ಇಂಥ ಮಾತು ಇಲ್ಲಿ ಬೇಕೇ?

ರಶ್ಮಿ: ಅವರಿಗೇ ಬೇಕು, ಚಿಕ್ಕಮ್ಮ. ಪಿಯುಸಿಯಲ್ಲಿ ಬಿಳುಪು ಕಂಡಾಗಲೆಲ್ಲ ನನಗೇನೋ ರೋಗವೆಂದು ನಡುಗುತ್ತಿದ್ದೆ. ನವೆ, ಕೆಟ್ಟ ವಾಸನೆ ಇಲ್ಲದ ಸ್ರಾವ ಸಹಜ ಎಂದು ಮನೆಯಲ್ಲಿ ಒಬ್ಬರೂ ಹೇಳಲಿಲ್ಲ.

ಸರೋಜತ್ತೆ: ನಿಜವಾಗಿ ರೋಗವೇ ಬಂದರೆ?

ವಿದ್ಯಾ: ಯಾವ ರೋಗ ಎಂದು ಮೊದಲು ತಿಳಿಯಬೇಕು. ಒಡೆದ ಮೊಸರಿನಂಥ ಸ್ರಾವ, ವಿಪರೀತ ನವೆ ಇದ್ದರೆ ಹೆಚ್ಚಾಗಿ ಕ್ಯಾಂಡಿಡಾ ಶಿಲೀಂಧ್ರ. ಬೂದು ಬಣ್ಣದ ತೆಳು ಸ್ರಾವ, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾಗಳ ಏರುಪೇರು. ಹಳದಿ-ಹಸಿರು ನೊರೆಯಾದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು. ಅದು ಲೈಂಗಿಕ ಸಂಪರ್ಕದಿಂದ ಬರುವುದರಿಂದ ಗಂಡನಿಗೂ ಔಷಧಿ ಕೊಡಬೇಕು, ಇಲ್ಲವಾದರೆ ಮತ್ತೆ ಅಂಟುತ್ತದೆ. ಶಿಲೀಂಧ್ರದ ಮುಲಾಮು ಉಳಿದೆರಡಕ್ಕೆ ನಾಟುವುದಿಲ್ಲ. ಕಣ್ಣಂದಾಜು ಸಾಲದು, ಪರೀಕ್ಷೆ ಬೇಕು.

ಸರೋಜತ್ತೆ: ಗಂಡನಿಗೂ ಔಷಧಿಯೇ! ಅದನ್ನು ನಿನ್ನ ಮಾವನಿಗೆ ನೀನೇ ಹೇಳು.

ಗೀತಾ ಚಿಕ್ಕಮ್ಮ: ಬೇಡವೆಂದವಳೇ ಕೇಳುತ್ತಿದ್ದೇನೆ. ಎರಡು ತಿಂಗಳಿಂದ ನವೆ. ಮೆಡಿಕಲ್ ಶಾಪಿನವನು ಕೊಟ್ಟ ಕ್ಲೊಟ್ರಿಮಜೋಲ್ ಎಂಬ ಶಿಲೀಂಧ್ರದ ಮುಲಾಮು ಹಚ್ಚಿದರೆ ಇಳಿಯುತ್ತದೆ, ಮತ್ತೆ ಬರುತ್ತದೆ.

ವಿದ್ಯಾ: ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಕೊಟ್ಟಿದ್ದಾರೆಯೇ? ಮೇಲಿನ ಹೆಸರು ಓದಿ.

ಗೀತಾ ಚಿಕ್ಕಮ್ಮ: ಡಾಪಾಗ್ಲಿಫ್ಲೋಜಿನ್ 10. ಯುಗಾದಿ ಕಳೆದ ಮೇಲೆ ಶುರು.

ವಿದ್ಯಾ: ಅದು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ. ಆ ಸಕ್ಕರೆ ಶಿಲೀಂಧ್ರಕ್ಕೆ ಹಬ್ಬದೂಟ. ನವೆಗೆ ಅದೇ ಕಾರಣವಿರಬಹುದು. ಆದರೆ ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ, ಸ್ತ್ರೀರೋಗ ತಜ್ಞರಿಗೂ ತೋರಿಸಿ. ಅಲ್ಲಿಯವರೆಗೆ ಹೊರಭಾಗಕ್ಕೆ ಬರೀ ನೀರು, ಹತ್ತಿಯ ಒಳಉಡುಪು. ಘಮಘಮಿಸುವ ವಾಶ್ ಬೇಡ.

ಗೀತಾ ಚಿಕ್ಕಮ್ಮ: ಗುರುವಾರ ಹೋಗುತ್ತೇನೆ. ಅತ್ತಿಗೆ, ನೀವೂ ಬನ್ನಿ, ಒಬ್ಬಳಿಗೇ ಸಂಕೋಚ.

ಸರೋಜತ್ತೆ: ಬರುತ್ತೇನೆ. ಅಂದ ಹಾಗೆ, ವಾಶ್ ಕೂಡ ಬೇಡವೇ? ನನ್ನ ಸೊಸೆ 400 ರೂಪಾಯಿ ತೆತ್ತು ಗುಲಾಬಿ ಪರಿಮಳದ ಸೀಸೆ ತರಿಸಿದ್ದಾಳೆ. ಅವಳನ್ನು ಕೇಳುವವರಿಲ್ಲ, ನನ್ನ ಬೇವಿನ ಮೇಲೆ ಎಲ್ಲರೂ ಮುಗಿಬೀಳುತ್ತೀರಿ.

ವಿದ್ಯಾ: ಅವಳನ್ನೂ ಗುಂಪಿಗೆ ಸೇರಿಸಿ, ಅತ್ತೆ. ಆ ಸೀಸೆಗೂ ಕಾದಿದೆ.