ಗ್ರಫಾನಾ: 7 ದಿನದ ನೋಟದಲ್ಲಿ ಗೆರೆ ಇದೆ, 1 ತಾಸಿನ ನೋಟದಲ್ಲಿ ಏನೂ ಇಲ್ಲ

ತೊಗರಿನಾಡು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಪತ್ತಿನ ಸಹಕಾರ ಸಂಘದ ಕೇಂದ್ರ ಕಚೇರಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಆಳಂದ, ಸೇಡಂ, ಚಿತ್ತಾಪುರ, ಜೇವರ್ಗಿ, ಚಿಂಚೋಳಿ ಸೇರಿ ನಮಗೆ 14 ಶಾಖೆಗಳು. ರೂಟರ್‌ಗಳ ಅಂಕಿಗಳು ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನಗಳಿಂದ ಅಂಕಿ ಕೇಳುವ ವಿಧಾನ) ಎಕ್ಸ್‌ಪೋರ್ಟರ್ ಮೂಲಕ, ಅಂಕಿಗಳನ್ನು ಕೂಡಿಡುವ ಪ್ರೊಮಿಥಿಯಸ್‌ಗೆ ಬರುತ್ತವೆ, ಅಲ್ಲಿಂದ ಅವನ್ನು ಗ್ರಾಫ್ ಮಾಡಿ ತೋರಿಸುವ ಗ್ರಫಾನಾದ ಡ್ಯಾಶ್‌ಬೋರ್ಡಿಗೆ.

ಹತ್ತು ದಿನಗಳಿಂದ ಒಂದು ವಿಚಿತ್ರ ತೊಂದರೆ. ಕಳೆದ 1 ತಾಸು ಎಂದು ಆರಿಸಿದರೆ ಟ್ರಾಫಿಕ್ ತೋರಿಸುವ ಎಲ್ಲ ಪ್ಯಾನೆಲ್‌ಗಳಲ್ಲೂ ‘ನೋ ಡೇಟಾ’. 24 ತಾಸು ಎಂದರೆ ನಾಲ್ಕು ಶಾಖೆಗಳಷ್ಟೇ ಕಾಣುತ್ತವೆ, ಯಾವಾಗಲೂ ಅವೇ ನಾಲ್ಕು. 7 ದಿನ ಎಂದರೆ 14 ಶಾಖೆಗಳ ಗೆರೆಯೂ ಚೆನ್ನಾಗಿ ಬರುತ್ತದೆ. ಸರ್ವರ್ ಕೋಣೆಯ ಉಷ್ಣಾಂಶದ ಪ್ಯಾನೆಲ್ ಮಾತ್ರ ಎಲ್ಲ ನೋಟಗಳಲ್ಲೂ ಸರಿಯಾಗಿದೆ. ಅಲರ್ಟ್ ಒಂದೂ ಬಂದಿಲ್ಲ.

ಕಳೆದ ಬುಧವಾರ ಗೋಡೆಯ ಟಿವಿಯಲ್ಲಿ ಸೇಡಂ ಖಾಲಿ ಇರುವುದನ್ನು ನೋಡಿ ನಮ್ಮ ವ್ಯವಸ್ಥಾಪಕರು ಗಾಬರಿಯಾದರು. ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಹುಡುಗ ಬಸ್ ಹಿಡಿದು ಸೇಡಂಗೆ ಹೋದ. ಅಲ್ಲಿ ರೂಟರ್‌ನ ಹಸಿರು ದೀಪಗಳು ಮಿನುಗುತ್ತಿದ್ದವು, ಕೌಂಟರ್ ಮುಂದೆ ಜನ ಸಾಲಿನಲ್ಲಿ ನಿಂತು ಹಣ ತೆಗೆಯುತ್ತಿದ್ದರು. ಅವನ ಇಡೀ ದಿನ ವ್ಯರ್ಥವಾಯಿತು. ಇನ್ನೊಮ್ಮೆ ಹೀಗಾಗಬಾರದು ಎಂದು ಇಲ್ಲಿ ಕೇಳುತ್ತಿದ್ದೇನೆ.

ಭೀಮಾ ದಂಡೆ, ಯಾದಗಿರಿ

ಮೊದಲು ಫೈರ್‌ವಾಲ್ ನೋಡಿ ಸರ್. ಎಸ್‌ಎನ್‌ಎಂಪಿಗೆ ಯುಡಿಪಿ 161 ಪೋರ್ಟ್ ತೆರೆದಿರಬೇಕು. ಅದು ಸರಿಯಿದ್ದರೆ ಪ್ಯಾನೆಲ್ ಆಯ್ಕೆಗಳಲ್ಲಿ ‘ಕನೆಕ್ಟ್ ನಲ್ ವ್ಯಾಲ್ಯೂಸ್’ ಎಂಬುದನ್ನು ‘ಆಲ್ವೇಸ್’ ಮಾಡಿ, ನಡುವಿನ ಖಾಲಿ ಜಾಗ ತುಂಬಿಕೊಳ್ಳುತ್ತದೆ.

ಕರೇಜ್ ನೀರು, ಬೀದರ್

ಫೈರ್‌ವಾಲ್ ಮುಚ್ಚಿದ್ದರೆ 7 ದಿನದ ನೋಟದಲ್ಲೂ ಇವತ್ತಿನ ಭಾಗ ಖಾಲಿ ಇರಬೇಕಿತ್ತು. ಹಾಗಾಗಿಲ್ಲ, ಅಂದರೆ ಅಂಕಿಗಳು ಬರುತ್ತಿವೆ.

ಖಾಲಿ ಜಾಗವನ್ನು ಜೋಡಿಸುವ ಆಯ್ಕೆಯನ್ನು ದಯವಿಟ್ಟು ಮುಟ್ಟಬೇಡಿ. ನಾನು ಹಿಂದೆ ಕೆಲಸ ಮಾಡಿದ ಕಡೆ ಅದನ್ನು ಹಾಕಿಟ್ಟಿದ್ದರು. ಭಾಲ್ಕಿಯ ಲಿಂಕ್ ಎರಡು ತಾಸು ಸತ್ತು ಬಿದ್ದಿತ್ತು, ಪರದೆಯ ಮೇಲೆ ಮಾತ್ರ ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆದಿತ್ತು. ಲಿಂಕ್ ಕಡಿದದ್ದು ಶಾಖೆಯವರು ಫೋನ್ ಮಾಡಿ ಹೇಳಿದ ಮೇಲೆಯೇ ನಮಗೆ ತಿಳಿಯಿತು. ಕಡಿದದ್ದು ಕಡಿದಂತೆಯೇ ಕಾಣಬೇಕು.

ಮೂರು ವಿಷಯ ತಿಳಿಸಿ. ಟ್ರಾಫಿಕ್ ಪ್ಯಾನೆಲ್ ಪ್ರೊಮಿಥಿಯಸ್‌ಗೆ ಕೇಳುವ ಕ್ವೆರಿಯಲ್ಲಿ ‘ರೇಟ್’ ಫಂಕ್ಷನ್ (ಸೆಕೆಂಡಿಗೆ ಎಷ್ಟು ಏರಿತು ಎಂದು ಲೆಕ್ಕ ಹಾಕುವುದು) ಇದೆಯೇ, ಅದಕ್ಕೆ ಕೊಟ್ಟ ಅವಧಿ ಎಷ್ಟು? ಹತ್ತು ದಿನಗಳ ಹಿಂದೆ ಪ್ರೊಮಿಥಿಯಸ್‌ನಲ್ಲಿ ಏನಾದರೂ ಬದಲಿಸಿದಿರಾ? ಅದೇ 24 ತಾಸಿನ ನೋಟ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹೇಗೆ ಕಾಣುತ್ತದೆ?

ತೊಗರಿನಾಡು, ಕಲಬುರಗಿ

ಮೇಡಂ, ಮೂರನೆಯ ಪ್ರಶ್ನೆ ಓದಿ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಅಲ್ಲಿ 24 ತಾಸಿನ ನೋಟದಲ್ಲಿ 14 ಶಾಖೆಗಳೂ ಇವೆ! ಪಕ್ಕದಲ್ಲೇ ಇರುವ ಟಿವಿಯಲ್ಲಿ ನಾಲ್ಕೇ. ಡ್ಯಾಶ್‌ಬೋರ್ಡ್ ಒಂದೇ, ಲಾಗಿನ್ ಒಂದೇ.

ಕ್ವೆರಿಯಲ್ಲಿ ರೇಟ್ ಇದೆ, ಅವಧಿಯ ಜಾಗದಲ್ಲಿ ಗ್ರಫಾನಾದ ‘ರೇಟ್ ಇಂಟರ್‌ವಲ್’ ವೇರಿಯಬಲ್ ಹಾಕಿದ್ದೇನೆ. ಬದಲಾವಣೆ ಹೌದು, ಮಾಡಿದ್ದೇವೆ. ಹಳೆಯ ರೂಟರ್‌ಗಳು ಉತ್ತರಿಸಲು 10 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡು ಟೈಮ್‌ಔಟ್ ಆಗುತ್ತಿದ್ದವು. ಅದಕ್ಕೆ ಸ್ಕ್ರೇಪ್ ಇಂಟರ್‌ವಲ್ (ಎಷ್ಟು ಹೊತ್ತಿಗೊಮ್ಮೆ ಪ್ರೊಮಿಥಿಯಸ್ ರೀಡಿಂಗ್ ತೆಗೆಯುತ್ತದೆ ಎಂಬುದು) ಅನ್ನು 15 ಸೆಕೆಂಡಿನಿಂದ 60ಕ್ಕೆ, ಟೈಮ್‌ಔಟ್ ಅನ್ನು 30ಕ್ಕೆ ಏರಿಸಿದೆವು.

ಕರೇಜ್ ನೀರು, ಬೀದರ್

ಹಾಗಾದರೆ ತೊಂದರೆ ಇಲ್ಲಿಯೇ ಇದೆ. ಇಂಟರ್‌ವಲ್ ಬದಲಿಸಿದ್ದು ಪ್ರೊಮಿಥಿಯಸ್‌ಗೆ ಗೊತ್ತು, ಗ್ರಫಾನಾಗೆ ಗೊತ್ತಿಲ್ಲ.

ಮನೆಯ ಕರೆಂಟ್ ಮೀಟರ್ ನೆನೆಸಿಕೊಳ್ಳಿ. ಒಂದೇ ಸಲ ರೀಡಿಂಗ್ ತೆಗೆದರೆ ಎಷ್ಟು ಯೂನಿಟ್ ಉರಿಯಿತು ಎಂದು ಹೇಳಲಾಗದು. ಎರಡು ರೀಡಿಂಗ್ ಬೇಕು, ಒಂದರಿಂದ ಇನ್ನೊಂದನ್ನು ಕಳೆಯಬೇಕು. ರೂಟರ್‌ನ ಬೈಟ್ ಲೆಕ್ಕವೂ ಏರುತ್ತಲೇ ಹೋಗುವ ಇಂಥದೇ ಮೀಟರ್. ಕೊಟ್ಟ ಅವಧಿಯೊಳಗೆ ಎರಡು ರೀಡಿಂಗ್ ಸಿಗದಿದ್ದರೆ ರೇಟ್ ಫಂಕ್ಷನ್ ಸುಮ್ಮನಿರುತ್ತದೆ. ಉಷ್ಣಾಂಶ ಹಾಗಲ್ಲ, ಒಂದು ರೀಡಿಂಗ್ ಸಾಕು. ಆದ್ದರಿಂದಲೇ ಆ ಪ್ಯಾನೆಲ್‌ಗೆ ಏನೂ ಆಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗ್ರಫಾನಾದಲ್ಲಿ ಪ್ರೊಮಿಥಿಯಸ್ ಅನ್ನು ಜೋಡಿಸಿರುವ ಡೇಟಾ ಸೋರ್ಸ್ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೇಪ್ ಇಂಟರ್‌ವಲ್ ಬರೆಯುವ ಜಾಗವನ್ನು ಖಾಲಿ ಬಿಟ್ಟರೆ ಗ್ರಫಾನಾ 15 ಸೆಕೆಂಡ್ ಎಂದೇ ಹಿಡಿಯುತ್ತದೆ. ರೇಟ್ ಇಂಟರ್‌ವಲ್ ಎಂದರೆ ಅದರ ನಾಲ್ಕರಷ್ಟು, ಇಲ್ಲವೇ ಗ್ರಾಫಿನ ಎರಡು ಬಿಂದುಗಳ ನಡುವಿನ ಅಂತರಕ್ಕೆ ಅದನ್ನು ಕೂಡಿಸಿದಷ್ಟು. ಇವೆರಡರಲ್ಲಿ ಯಾವುದು ದೊಡ್ಡದೋ ಅದು. 1 ತಾಸಿನ ನೋಟದಲ್ಲಿ 60 ಸೆಕೆಂಡ್ ಸಿಗುತ್ತದೆ. ನಿಮ್ಮ ರೀಡಿಂಗ್ 60 ಸೆಕೆಂಡಿಗೊಂದು. ಒಳಗೆ ಬೀಳುವುದು ಒಂದೇ, ಪ್ಯಾನೆಲ್ ಖಾಲಿ. 7 ದಿನದ ನೋಟದಲ್ಲಿ ಅಂತರ ಸುಮಾರು 10 ನಿಮಿಷವಾದ್ದರಿಂದ ರೀಡಿಂಗ್‌ಗಳು ಬೇಕಾದಷ್ಟು.

ಟಿವಿಯ ಗುಟ್ಟೂ ಇದೇ. ಗ್ರಫಾನಾ ಪ್ಯಾನೆಲ್ ಎಷ್ಟು ಪಿಕ್ಸೆಲ್ ಅಗಲವಿದೆಯೋ ಅಷ್ಟು ಬಿಂದುಗಳನ್ನು ಕೇಳುತ್ತದೆ. ಅಗಲವಾದ ಟಿವಿ ಪ್ಯಾನೆಲ್‌ನಲ್ಲಿ 24 ತಾಸಿಗೆ ಅಂತರ 1 ನಿಮಿಷ, ಅವಧಿ 75 ಸೆಕೆಂಡ್. ಪ್ರೊಮಿಥಿಯಸ್ ಎಲ್ಲ ರೂಟರ್‌ಗಳನ್ನೂ ಒಂದೇ ಕ್ಷಣಕ್ಕೆ ಓದುವುದಿಲ್ಲ, ಪ್ರತಿಯೊಂದಕ್ಕೂ ನಿಮಿಷದೊಳಗೆ ಅದರದೇ ಒಂದು ಸೆಕೆಂಡ್ ಇರುತ್ತದೆ. 75 ಸೆಕೆಂಡಿನೊಳಗೆ ಎರಡು ರೀಡಿಂಗ್ ಬೀಳುವ ಯೋಗ ಸುಮಾರು ನಾಲ್ಕರಲ್ಲಿ ಒಂದಕ್ಕೆ. 14ರಲ್ಲಿ ನಾಲ್ಕು, ಯಾವಾಗಲೂ ಅವೇ ನಾಲ್ಕು ಎಂದಿರಲ್ಲ, ಸರಿಹೋಯಿತು. ಲ್ಯಾಪ್‌ಟಾಪಿನ ಕಿರಿದಾದ ಪ್ಯಾನೆಲ್‌ನಲ್ಲಿ ಅಂತರ 2 ನಿಮಿಷ, ಅವಧಿ 135 ಸೆಕೆಂಡ್; ಎಲ್ಲರಿಗೂ ಎರಡು ಸಿಗುತ್ತವೆ. ಸೇಡಂ ರೂಟರ್‌ನ ಸೆಕೆಂಡ್ ತಪ್ಪಾದ ಕಡೆ ಬಿದ್ದಿತ್ತು, ಅಷ್ಟೇ.

ನಿಮ್ಮ ಅಲರ್ಟ್ ನಿಯಮಗಳಲ್ಲಿ 5 ನಿಮಿಷ ಎಂದು ನೇರವಾಗಿ ಬರೆದಿರಬೇಕು. ಅವು ಸುಮ್ಮನಿದ್ದದ್ದು ಸರಿಯಾಗಿಯೇ ಇದೆ.

ನನ್ನ ಮಾತನ್ನು ನಂಬುವ ಮೊದಲು ಗ್ರಫಾನಾದ ಎಕ್ಸ್‌ಪ್ಲೋರ್ ಪುಟ ತೆರೆದು ಸೇಡಂ ರೂಟರ್‌ನ ‘ಅಪ್’ ಮೆಟ್ರಿಕ್‌ಗೆ (ರೀಡಿಂಗ್ ಸಿಕ್ಕರೆ 1, ಸಿಗದಿದ್ದರೆ 0) 10 ನಿಮಿಷದ ‘ಕೌಂಟ್ ಓವರ್ ಟೈಮ್’ ಹಾಕಿ, ಎಷ್ಟು ರೀಡಿಂಗ್ ಎಂದು ಎಣಿಸುತ್ತದೆ. 10 ಬಂದರೆ ನಿಮಿಷಕ್ಕೊಂದು ರೀಡಿಂಗ್ ತಪ್ಪದೆ ಬರುತ್ತಿದೆ ಎಂದರ್ಥ. ಆಮೇಲೆ ಡೇಟಾ ಸೋರ್ಸ್‌ನಲ್ಲಿ 60 ಸೆಕೆಂಡ್ ಎಂದು ಬರೆಯಿರಿ.

ತೊಗರಿನಾಡು, ಕಲಬುರಗಿ

10 ಬಂತು ಮೇಡಂ. ಆದರೆ ಸೆಟ್ಟಿಂಗ್ಸ್ ಪುಟದಲ್ಲಿ ತಿದ್ದಲು ಬಿಡುತ್ತಿಲ್ಲ, ಎಲ್ಲವೂ ಮಸುಕಾಗಿದೆ.

ಕರೇಜ್ ನೀರು, ಬೀದರ್

ಡೇಟಾ ಸೋರ್ಸ್ ಅನ್ನು ಪ್ರೊವಿಜನಿಂಗ್ ಫೈಲ್‌ನಿಂದ (ಗ್ರಫಾನಾ ಶುರುವಾಗುವಾಗ ಓದುವ ಸೆಟ್ಟಿಂಗ್ಸ್ ಫೈಲ್) ಸೇರಿಸಿದ್ದಾರೆ, ಹಾಗಾಗಿ ಪುಟದಲ್ಲಿ ತಿದ್ದಲು ಬರುವುದಿಲ್ಲ. ಆ ಯಾಮಲ್ ಫೈಲ್‌ನಲ್ಲಿ ‘ಜೇಸನ್‌ಡೇಟಾ’ ಕೆಳಗೆ ‘ಟೈಮ್‌ಇಂಟರ್‌ವಲ್’ ಎಂಬ ಸಾಲು ಸೇರಿಸಿ 60 ಸೆಕೆಂಡ್ ಕೊಡಿ, ಗ್ರಫಾನಾ ಮರುಚಾಲನೆ ಮಾಡಿ.

ಇನ್ನೆರಡು ಮಾತು. ಇನ್ನು ಮೇಲೆ ರೇಟ್ ಕನಿಷ್ಠ 4 ನಿಮಿಷದ ಸರಾಸರಿಯಾಗಿರುತ್ತದೆ, ಅರೆ ನಿಮಿಷದ ಜಿಗಿತಗಳು ಚಪ್ಪಟೆಯಾಗಿ ಕಾಣುತ್ತವೆ. ಮತ್ತೆ, ರೂಟರ್ ಇನ್ನೂ ನಿಧಾನವಾದರೂ ಇಂಟರ್‌ವಲ್ 2 ನಿಮಿಷ ದಾಟಿಸಬೇಡಿ. 5 ನಿಮಿಷ ಹೊಸ ರೀಡಿಂಗ್ ಬರದಿದ್ದರೆ ಪ್ರೊಮಿಥಿಯಸ್ ಹಳೆಯದನ್ನು ಕೈಬಿಡುತ್ತದೆ. ನಡುವೆ ಒಂದೆರಡು ರೀಡಿಂಗ್ ತಪ್ಪಿದರೆ ಉಷ್ಣಾಂಶದಂಥ ಗೆರೆಗಳೂ ಕಡಿಯತೊಡಗುತ್ತವೆ.

ಭೀಮಾ ದಂಡೆ, ಯಾದಗಿರಿ

ಮೇಡಂ, ನಲ್ ಜೋಡಿಸುವ ಆಯ್ಕೆಯನ್ನು ನಮ್ಮ ಶಹಾಪುರ, ಸುರಪುರ ಪ್ಯಾನೆಲ್‌ಗಳಿಂದ ಈಗಷ್ಟೇ ತೆಗೆದೆ. ನಿನ್ನೆ ಮಧ್ಯಾಹ್ನ ಸುರಪುರದಲ್ಲಿ 40 ನಿಮಿಷ ಖಾಲಿ ಇದ್ದದ್ದು ಈಗ ಕಾಣುತ್ತಿದೆ. ವಿಚಾರಿಸಿದೆ, ಕರೆಂಟ್ ಹೋಗಿತ್ತಂತೆ.

ತೊಗರಿನಾಡು, ಕಲಬುರಗಿ

ಬಂತು! ಟಿವಿಯಲ್ಲಿ 1 ತಾಸಿನ ನೋಟದಲ್ಲೂ ಎಲ್ಲ ಗೆರೆಗಳಿವೆ. ಸೇಡಂಗೆ ಹೋಗಿಬಂದ ಹುಡುಗನನ್ನೇ ಮೊದಲು ಕರೆದು ತೋರಿಸಿದೆ. ನಿಮಗೆ ತುಂಬಾ ಧನ್ಯವಾದಗಳು ಮೇಡಂ.

ಚಿಂಚೋಳಿಯ ಗೆರೆ ಮಾತ್ರ ಮಧ್ಯಾಹ್ನ ಎರಡರ ಹೊತ್ತಿಗೆ ಕಡಿಯುತ್ತಿದೆ. ಅಲ್ಲಿ ‘ಅಪ್’ ನಿಜವಾಗಿಯೂ 0 ಆಗಿದೆ. ಶಾಖೆಗೆ ಫೋನ್ ಮಾಡಿ ಕೇಳಿದೆ: ಕರೆಂಟ್ ಹೋದ ಐದು ನಿಮಿಷಕ್ಕೆ ಯುಪಿಎಸ್ ಕೂಗಿ ಆರಿಹೋಗುತ್ತದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೊಸ ಬ್ಯಾಟರಿ ಹಿಡಿದು ನಾನೇ ಹೋಗುತ್ತೇನೆ.