ಹಳೆಯ ಮರದ ಹತ್ತರಿಯನ್ನು ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಹಳೆಯ ಸಾಮಾನುಗಳ ಅಂಗಡಿಯೊಂದರಲ್ಲಿ ಸುಮಾರು 16 ಇಂಚು ಉದ್ದದ, ಬೀಚ್ ಮರದ ಹತ್ತರಿಯೊಂದು ಮಾರಾಟಕ್ಕಿದೆ. ಅಲಗಿನ ಮೇಲೆ, ಉಕ್ಕಿನ ಸಾಮಾನುಗಳಿಗೆ ಹೆಸರಾದ ಇಂಗ್ಲೆಂಡಿನ ಊರು ಶೆಫೀಲ್ಡ್‌ನ ಹೆಸರಿನ ಅಚ್ಚಿದೆ. ತಳ ಸವೆದಿದೆ, ಮುಂತುದಿಯಲ್ಲಿ ಸಣ್ಣ ಬಿರುಕಿದೆ, ಅಲಗಿಗೆ ತುಕ್ಕು ಹಿಡಿದಿದೆ. ತೇಗದ ಹಲಗೆಗಳನ್ನು ಹತ್ತರಿ ಹೊಡೆಯಲು ಇದು ಬೇಕಾಗಿದೆ, ಅಲಂಕಾರಕ್ಕಲ್ಲ. ಕೊಳ್ಳಬಹುದೇ ಎಂಬುದನ್ನು ಅಂಗಡಿಯಲ್ಲಿಯೇ ಹೇಗೆ ತೀರ್ಮಾನಿಸುವುದು? ಅನುಭವಿ ಬಡಗಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ತಳದ ಸವೆತವನ್ನು ಕಂಡು ಹಿಂಜರಿಯಬೇಡಿ. ಅದನ್ನು ಮನೆಯಲ್ಲಿ ಸಮತಟ್ಟು ಮಾಡಿಕೊಳ್ಳಬಹುದು. ಮೊದಲು ನೋಡಬೇಕಾದುದು ಅಲಗನ್ನು. ತೇಗದಲ್ಲಿ ಸಿಲಿಕಾ ಅಂಶವಿರುವುದರಿಂದ ಅದು ಯಾವ ಅಲಗನ್ನಾದರೂ ಬೇಗ ಮೊಂಡು ಮಾಡುತ್ತದೆ. ಆದ್ದರಿಂದ ಉಕ್ಕು ಚೆನ್ನಾಗಿಲ್ಲದ ಹತ್ತರಿ ನಿಮ್ಮ ಕೆಲಸಕ್ಕೆ ಒದಗುವುದಿಲ್ಲ.

ಹತ್ತರಿಯ ಹಿಂತುದಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಲಗನ್ನು ಬಿಗಿಹಿಡಿದಿರುವ ಬೆಣೆ ಸಡಿಲವಾಗುತ್ತದೆ. ಅಲಗನ್ನು ಹೊರತೆಗೆದು ಅದರ ಚಪ್ಪಟೆ ಬದಿಯನ್ನು, ಅಂಚಿಗೆ ಹತ್ತಿರದ ಒಂದು ಇಂಚಿನಷ್ಟು ಭಾಗವನ್ನು, ಬೆಳಕಿಗೆ ಹಿಡಿಯಿರಿ. ಮೇಲ್ಮೈಯ ಕೆಂಪು ತುಕ್ಕು ಉಜ್ಜಿದರೆ ಹೋಗುತ್ತದೆ, ಆದರೆ ಉಗುರಿಗೆ ಸಿಗುವಷ್ಟು ಆಳದ ಗುಳಿಗಳಿದ್ದರೆ ಮಸೆದಷ್ಟೂ ಅಂಚಿನಲ್ಲಿ ಹಲ್ಲು ಬೀಳುತ್ತಲೇ ಇರುತ್ತದೆ. ಇಂಥ ಹಳೆಯ ಹತ್ತರಿಗಳ ಹೆಚ್ಚಿನ ಅಲಗುಗಳು ಮೆತ್ತನೆಯ ಕಬ್ಬಿಣದ ಮೇಲೆ ತೆಳುವಾದ ಉಕ್ಕಿನ ಪದರವನ್ನು ಬೆಸೆದು ಮಾಡಿದವು. ಇಳಿಜಾರು ಮುಖವನ್ನು ಸ್ವಲ್ಪ ಉಜ್ಜಿದರೆ ಎರಡು ಬಣ್ಣಗಳ ನಡುವಿನ ಗೆರೆ ಕಾಣಿಸುತ್ತದೆ. ಈ ಉಕ್ಕು ಅಲಗಿನ ಪೂರ್ತಿ ಉದ್ದಕ್ಕೆ ಇರುವುದಿಲ್ಲವಾದ್ದರಿಂದ, ಮಸೆದು ಮಸೆದು ಅಂಚು ನಡುವಿನ ಸೀಳುಗಂಡಿಯ ಹತ್ತಿರಕ್ಕೆ ಬಂದಿದ್ದರೆ ಅಲಗಿನ ಆಯುಷ್ಯ ಮುಗಿದಿದೆ ಎಂದೇ ತಿಳಿಯಿರಿ. ಅಂಚಿನಲ್ಲಿ ನೀಲಿ ಛಾಯೆ ಇದ್ದರೆ ಯಾರೋ ವಿದ್ಯುತ್ ಸಾಣೆಯಲ್ಲಿ ಕಾಯಿಸಿ ಹದ ಕೆಡಿಸಿದ್ದಾರೆ ಎಂದರ್ಥ. ಅಲಗಿನ ಮೇಲೆ ಕೂರುವ ಕ್ಯಾಪ್ ಐರನ್ ಎಂಬ ಎರಡನೆಯ ಪಟ್ಟಿಯನ್ನೂ ಬಿಗಿಸಿ ನೋಡಿ. ಎರಡರ ನಡುವೆ ಬೆಳಕು ತೂರಿದರೆ ಅಲ್ಲಿಗೆ ಹೆರೆಕಲು ಸಿಕ್ಕಿಕೊಳ್ಳುತ್ತದೆ. ಅರದಿಂದ ಅದನ್ನು ಸರಿಪಡಿಸಬಹುದು.

ಮುಂತುದಿಯ ಸಣ್ಣ ಬಿರುಕು ಮರ ಒಣಗಿದಾಗ ಬೀಳುವಂಥದ್ದು. ಬಾಯಿಯವರೆಗೆ, ಅಂದರೆ ತಳದಲ್ಲಿ ಅಲಗು ಹೊರಚಾಚುವ ಸೀಳಿನವರೆಗೆ, ಬಾರದಿದ್ದರೆ ಅದರಿಂದ ತೊಂದರೆಯಿಲ್ಲ. ಬಾಯಿಯ ಎರಡೂ ಪಕ್ಕದ ಗೋಡೆಗಳಲ್ಲಿ ಬಿರುಕಿದ್ದರೆ ಮಾತ್ರ ಬಿಟ್ಟುಬಿಡಿ, ಏಕೆಂದರೆ ಬೆಣೆಯ ಒತ್ತಡವೆಲ್ಲ ಬೀಳುವುದು ಅಲ್ಲಿಯೇ. ಬೆಣೆಯನ್ನು ಅತಿಯಾಗಿ ಬಡಿದರೆ ಹೀಗಾಗುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿ ಕಬ್ಬಿಣದ ಅಲಗು ಕುಗ್ಗದೆ ಉಳಿದಾಗಲೂ ಗೋಡೆ ಸೀಳುತ್ತದೆ. ಆದ್ದರಿಂದ ಅಲಗಿನ ಎರಡೂ ಬದಿಗೆ ಕೂದಲೆಳೆಯಷ್ಟಾದರೂ ಎಡೆಯಿದೆಯೇ ಎಂದು ನೋಡುವುದು ಅಗತ್ಯ. ಬೆಣೆಯನ್ನು ಮತ್ತೆ ಬಿಗಿಸಿ, ಅದಕ್ಕೂ ಗೋಡೆಗೂ ನಡುವೆ ಕಾಗದದ ಚೂರೊಂದನ್ನು ತೂರಿಸಲು ಪ್ರಯತ್ನಿಸಿ. ಎರಡೂ ಕಡೆ ಒಂದೇ ಬಿಗಿತ ಇರಬೇಕು.

ತಳವನ್ನು ಪರೀಕ್ಷಿಸುವಾಗ ಅಲಗನ್ನು ಒಳಕ್ಕೆ ಸರಿಸಿ ಬೆಣೆಯನ್ನು ಬಿಗಿಸಿಯೇ ಇಡಬೇಕು. ಬೆಣೆಯ ಒತ್ತಡಕ್ಕೆ ಮೈ ಸ್ವಲ್ಪ ಬಾಗುವುದುಂಟು. ಎರಡೂ ತುದಿಗಳ ಮೇಲೆ ಒಂದೊಂದು ನೇರವಾದ ಪಟ್ಟಿ ಇಟ್ಟು ಕಣ್ಣುಮಟ್ಟದಲ್ಲಿ ನೋಡಿದರೆ ತಿರುಚು ತಿಳಿಯುತ್ತದೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ತಳವನ್ನು ಹೆರೆದರೆ ಬಾಯಿ ಅಗಲವಾಗುವುದಿಲ್ಲವೇ? ಹುಳು ಕೊರೆದ ತೂತುಗಳಿದ್ದರೆ ಏನು ಮಾಡಬೇಕು?

ಉತ್ತರ: ಅಗಲವಾಗುತ್ತದೆ. ಬಾಯಿಯಿಂದ ಹೆರೆಕಲು ಮೇಲಕ್ಕೆ ಬರುವ ಗಂಟಲು ಮೇಲಕ್ಕೆ ಹೋದಂತೆ ವಿಶಾಲವಾಗಿರುವುದರಿಂದ ಪ್ರತಿ ಸಲ ಹೆರೆದಾಗಲೂ ಬಾಯಿ ತುಸು ತೆರೆದುಕೊಳ್ಳುತ್ತದೆ. 16 ಇಂಚಿನ ಹತ್ತರಿ ಒರಟು ಕೆಲಸದ್ದಾದ್ದರಿಂದ ಎರಡು ಮೂರು ಮಿಲಿಮೀಟರ್ ತೆರಪಿದ್ದರೂ ನಡೆಯುತ್ತದೆ; ಕೊನೆಯ ನಯಗಾರಿಕೆಯ ಚಿಕ್ಕ ಹತ್ತರಿಯಾದರೆ ಒಂದು ಮಿಲಿಮೀಟರಿಗಿಂತ ಕಡಿಮೆಯಿರುವುದು ಲೇಸು. ಹೆಚ್ಚು ಅಗಲವಾಗಿದ್ದರೆ ಬಾಯಿಯ ಮುಂದೆ ಗಟ್ಟಿಮರದ ತುಂಡೊಂದನ್ನು ಕೂರಿಸಬಹುದು. ಬೀಟೆ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಹುಳುವಿನ ತೂತುಗಳಿದ್ದರೆ ಹತ್ತರಿಯನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ಹೊಸ ಹುಡಿ ಉದುರಿದರೆ ಹುಳು ಇನ್ನೂ ಒಳಗಿರುವ ಸಂಭವವಿದೆ, ಅಂಥದ್ದನ್ನು ನಿಮ್ಮ ಮರದ ದಾಸ್ತಾನಿನ ಹತ್ತಿರ ತರಲೇಬೇಡಿ.