ಬ್ಯಾಂಕಾಕ್ ಕಾಲುವಿದಾಗ ದೋಣಿ ಮ್ಯಾಲ ಹಳೆ ಬುದ್ಧನ ಗುಡಿ: ಅವ್ವನ ಕರ್ಕೊಂಡು ಹೋಗಬಹುದೇನ್ರಿ?

ಸೇಡಂ ರೋಡ್:
ಎಲ್ಲರಿಗೂ ನಮಸ್ಕಾರ್ರಿ. ಜನವರಿದಾಗ ನಾನು, ನಮ್ಮವ್ವ ಬ್ಯಾಂಕಾಕ್‌ಗೆ ಹೊಂಟೀವಿ. ಅವ್ವಗ ವಯಸ್ಸಾಗ್ಯದ, ಮಣಕಾಲ ನೋವದ. ಇಲ್ಲಿ ಕಲಬುರಗಿ ಬುದ್ಧ ವಿಹಾರಕ್ಕ ಹುಣ್ಣಿಮಿ ಹುಣ್ಣಿಮಿ ತಪ್ಪಸದೆ ಹೋಗ್ತಾಳ. ಮಾಲ್ ಬ್ಯಾಡ, ಗುಡಿ ತೋರಸು ಅಂತಾಳ. ದೋಣಿದಾಗ ಕುಂತು ಕಾಲುವಿ ಹಿಡದು ಹಳೆ ಗುಡಿ ನೋಡಬಹುದಂತ ಕೇಳೀನಿ. ಅದಕ್ಕಂತ ಒಂದೇ ದಿನ ಸಿಗ್ತದ. ಯಾವ್ಯಾವ ಗುಡಿ ನೋಡಬೇಕು? ಅವ್ವಗ ದೋಣಿ ಹತ್ತಾಕ ಆಗ್ತದೇನು? ಹೋಗಿ ಬಂದವರು ಹೇಳ್ರಿ.

ಜೇವರ್ಗಿ ಹುಡುಗ:
ಅಕ್ಕಾರ, ವಾಟ್ ಫೋ ಬಿಡಬ್ಯಾಡ್ರಿ. (ವಾಟ್ ಅಂದ್ರ ಅಲ್ಲಿ ಬುದ್ಧನ ಗುಡಿ.) ಅಲ್ಲಿ ಮಲಗಿದ ಬುದ್ಧ 46 ಮೀಟರ್ ಉದ್ದ ಅದಾನ. ನಮ್ಮ ಶಹಾಪುರದ ಬುದ್ಧ ಮಲಗಿದ ಬೆಟ್ಟ ನೋಡಿದವರಿಗೆ ಅಲ್ಲಿ ನಿಂತ್ರ ಎದಿ ತುಂಬ್ತದ. ಹತ್ರದ ಥಾ ತಿಯೆನ್ ಕಟ್ಟಿಯಿಂದ ದಾಟೋ ದೋಣಿ ಹತ್ತಿದ್ರ ಎದುರಿನ ದಂಡಿಗೆ ವಾಟ್ ಅರುಣ್. ಅದರ ಗೋಪುರದ ತುಂಬ ಪಿಂಗಾಣಿ ಚೂರು ಕೂಡಿಸ್ಯಾರ. ಮೆಟ್ಟಲು ಭಾಳ ಕಡಿದು, ಅವ್ವಾರು ಕೆಳಗೇ ಇರ್ಲಿ.

ಡ್ರಾಯಿಂಗ್ ಮಾಸ್ತರ:
ತಂಗಿ, ನಾ ಹೈಸ್ಕೂಲ್‌ನಾಗ ಚಿತ್ರಕಲಾ ಕಲಿಸಿದಾಂವ. ಅಲ್ಲಿ ಗೋಡಿ ಚಿತ್ರ ನೋಡಬೇಕಂತಲೇ ಹೋಗಿದ್ದೆ. ಆ ಎರಡು ಗುಡಿ ಎಲ್ಲಾರೂ ನೋಡ್ತಾರ, ನೀವೂ ನೋಡ್ರಿ. ಆದ್ರ ಅಲ್ಲಿಗೇ ತಿರುಗಿ ಬರಬ್ಯಾಡ್ರಿ, ಕಾಲುವಿ ಒಳಗ ಹೋಗ್ರಿ.

ಯಾಕಂದ್ರ, ಚಾವೊ ಫ್ರಯಾ ನದಿ ಮೊದಲು ಪಶ್ಚಿಮಕ್ಕ ದೊಡ್ಡ ತಿರುವು ಹಾಕ್ಕೊಂಡು ಹರೀತಿತ್ತು. 16ನೇ ಶತಮಾನದಾಗ ಹಡಗಿನ ದಾರಿ ಕಡಿಮಿ ಆಗ್ಲಂತ ಅಡ್ಡ ಕಾಲುವಿ ತೋಡಿದ್ರು. ಹೊಳಿ ಆ ಕಾಲುವಿನೇ ಹಿಡೀತು, ಹಳೆ ಹೊಳಿ ಸಣ್ಣಾಗಿ ಕಾಲುವಿ ಆತು. ಅವೇ ಬ್ಯಾಂಕಾಕ್ ನೋಯಿ, ಬ್ಯಾಂಕಾಕ್ ಯಾಯ್. 1767ರಾಗ ಹಳೆ ರಾಜಧಾನಿ ಅಯುತ್ಥಯಾ ಬಿದ್ದ ಮ್ಯಾಲ ತಾಕ್ಸಿನ್ ರಾಜ ಈ ಕಾಲುವಿ ಇರೋ ಪಶ್ಚಿಮ ದಂಡಿಗೇ, ಥೊನ್‌ಬುರಿದಾಗ, ರಾಜಧಾನಿ ಮಾಡಿದ. ಇಲ್ಲಿ ಭಾಳ ಗುಡಿ ನೀರಿಗೆ ಮಾರಿ ಮಾಡಿ ನಿಂತಾವ. ರಸ್ತೆ ಮ್ಯಾಲ ಹೋದ್ರ ಹಿತ್ತಲ ಬಾಗಲಿಂದ ಮನಿ ಹೊಕ್ಕಂಗ. ದೋಣಿದಾಗ ಹೋದವರಿಗೇ ಆ ಗುಡಿ ಕಟ್ಟಿದವರ ಮನಸ್ಸು ತಿಳೀತದ.

ಬ್ಯಾಂಕಾಕ್ ನೋಯಿ ದಂಡಿಗೆ ವಾಟ್ ಸುವನ್ನಾರಾಮ್ ಅದ. ಒಂದೇ ಗುಡಿ ಆರಸ್ರಿ ಅಂದ್ರ ನಾ ಇದನ್ನೇ ಹೇಳ್ತೀನಿ. ಒಳಗಿನ ಚಿತ್ರ ಥಾಯ್ ರಾಜ ಮೂರನೇ ರಾಮನ ಕಾಲದವು, ಅಂದ್ರ 1824ರಿಂದ 1851ರ ನಡುವಿನವು. ಕಿಟಕಿ ನಡುವಿನ ಗೋಡಿ ಮ್ಯಾಲ ಬುದ್ಧ ಆಗೋ ಮೊದಲಿನ ಕಡೀ ಹತ್ತು ಜನ್ಮದ ಕತಿ, ಅಂದ್ರ ಜಾತಕ ಕತಿ ಬರದಾರ. ಥೋಂಗ್‌ಯು, ಖೋಂಗ್‌ಪೇ ಅಂತ ಇಬ್ಬರು ಚಿತ್ರಕಾರರು ಪೈಪೋಟಿ ಮ್ಯಾಲ ಬರದದ್ದು: ನೇಮಿ ಜಾತಕ ಒಬ್ಬಂದು, ಮಹೋಸಧ ಜಾತಕ ಇನ್ನೊಬ್ಬಂದು. ಎರಡೂ ನಿಂತು ನೋಡ್ರಿ. ಅವ್ವಗ ಸುವಣ್ಣಸಾಮ ಜಾತಕ ತೋರಸ್ರಿ. ಕಣ್ಣಿಲ್ಲದ ತಂದಿತಾಯಿಗೆ ನೀರು ತರಾಕ ಹೋದ ಮಗಗ ರಾಜನ ಬಾಣ ನಡ್ತದ. ನಮ್ಮ ಶ್ರವಣಕುಮಾರನ ಕತಿ ಕೇಳಿದ ಯಾವ ತಾಯಿಗೂ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಬುದ್ಧನ ಎದುರಿನ ಗೋಡಿ ಮ್ಯಾಲ, ಬುದ್ಧನ ಧ್ಯಾನ ಕೆಡಸಾಕ ಬಂದ ಮಾರನ ದಂಡು ಅದ. ಭೂದೇವಿ ತನ್ನ ಕೂದಲಾ ಹಿಂಡ್ತಾಳ, ಆ ನೀರಿನಾಗ ದಂಡೆಲ್ಲಾ ಕೊಚ್ಚಿ ಹೋಗ್ತದ. ಕಾಲುವಿ ದಂಡಿ ಗುಡಿದಾಗ ಈ ಚಿತ್ರದ ಮುಂದ ನಾ ಭಾಳ ಹೊತ್ತು ಕುಂತಿದ್ದೆ.

ಬ್ಯಾಂಕಾಕ್ ಯಾಯ್ ಕಡಿ ವಾಟ್ ಪಾಕ್‌ನಾಮ್. ಗುಡಿ ಅಯುತ್ಥಯಾ ಕಾಲದ್ದು, 69 ಮೀಟರ್ ಎತ್ತರದ ಕುಂತ ಬುದ್ಧ ಮಾತ್ರ 2021ರಾಗ ಮುಗಿದದ್ದು. ದೂರದಿಂದ ನೀರಿನ ಮ್ಯಾಲೇ ಕಾಣಸ್ತಾನ.

ಇನ್ನೊಂದು ಮಾತು, ಇದು ನನಗ ಭಾಳ ಮುಖ್ಯ. ವಿಮಾನ ಹತ್ತೋ ಮೊದಲು ಅವ್ವನ ಕರ್ಕೊಂಡು ಸನ್ನತಿ, ಕನಗನಹಳ್ಳಿ ನೋಡಿ ಬರ್ರಿ. ನಮ್ಮ ಭೀಮಾ ದಂಡಿಗೂ ಮಹಾಸ್ತೂಪ ಇತ್ತು, ಜಾತಕ ಕತಿ ಕೆತ್ತಿದ ಕಲ್ಲು ಇದ್ದವು. ಅಶೋಕನ ಮೂರ್ತಿ ಕೆತ್ತಿ ಬ್ರಾಹ್ಮಿ ಲಿಪಿದಾಗ ಅವನ ಹೆಸರೂ ಬರದ ಕಲ್ಲು ಸಿಕ್ಕದ್ದು ಅಲ್ಲೇ. ಅದನ್ನ ನೋಡಿ ಥಾಯ್ಲೆಂಡಿಗೆ ಹೋದ್ರ ಅಲ್ಲಿ ನೀವು ಬರೇ ಟೂರಿಸ್ಟ್ ಆಗಿರಂಗಿಲ್ಲ.

ಸೇಡಂ ರೋಡ್:
ಸರ್, ಇಷ್ಟು ಸನೇಕ ಇದ್ದು ಅವ್ವಗ ಕನಗನಹಳ್ಳಿ ತೋರಿಸಿಲ್ಲ. ಬರೋ ಐತವಾರನೇ ಹೋಗ್ತೀವಿ. ದೋಣಿ ಹತ್ತೋದು, ಊಟದ್ದು ಸ್ವಲ್ಪ ಹೇಳ್ರಿ. ಅವ್ವ ಮೊಟ್ಟಿನೂ ತಿನ್ನಂಗಿಲ್ಲ.

ಡ್ರಾಯಿಂಗ್ ಮಾಸ್ತರ:
ದೋಣಿ ಉದ್ದಂದು, ಕಿರಿದು. ಹಿಂದ ಗಾಡಿ ಇಂಜಿನ್‌ಗೆ ಉದ್ದ ಸರಳು ಜೋಡಿಸಿ ತುದಿಗೆ ಫ್ಯಾನ್ ಹಾಕಿರ್ತಾರ. ಸದ್ದು ಭಾಳ, ಅವ್ವಗ ಕಿವಿಗೆ ಹತ್ತಿ ಕೊಡ್ರಿ. ಕಟ್ಟಿಯಿಂದ ಕೆಳಗ ಇಳಿಯೋವಾಗ ದೋಣಿ ಅಲಗಾಡ್ತದ. ನೀವು ಮೊದಲು ಇಳದು ಕೈ ಕೊಡ್ರಿ, ಅವ್ವನ ನಡು ಜಾಗದಾಗ ಕುಂದರಸ್ರಿ. ಪೂರಾ ದೋಣಿಗೆ ತಾಸಿನ ಲೆಕ್ಕದ ಬಾಡಿಗಿ ಹತ್ತೋ ಮೊದಲೇ ಮುಗಿಸ್ರಿ. ಸುವನ್ನಾರಾಮ್‌ನಾಗ ನಿಲ್ಲಸಬೇಕಂತ ಹೆಸರು ಹಿಡದು ಹೇಳ್ರಿ, ಇಲ್ಲಂದ್ರ ಮುಂದಿನಿಂದ ದಾಟಿಸಿ ಒಯ್ತಾರ. ಬ್ಯಾಂಕಾಕ್ ಯಾಯ್ ಬಾಯಿಗೆ ನೀರಿನ ಗೇಟ್ ಅದ, ತೆರಿಯೋ ತನಕ ಕಾಯಬೇಕಾಗ್ತದ. ಮುಂಜಾನಿ ಲಗೂನೇ ಹೊಂಡ್ರಿ.

ಭುಜ, ಮಣಕಾಲು ಮುಚ್ಚೋ ಅರಿವಿ ಇರ್ಲಿ. ಒಳಗ ಬುದ್ಧನ ಕಡಿ ಕಾಲು ಚಾಚಬಾರದು. ಅವ್ವಗ ಕಾಲು ಮಡಚಾಕ ಆಗಲಿಲ್ಲಂದ್ರ ಹಿಂದಿನ ಗೋಡಿ ಬಲ್ಲಿ ನಿಲ್ಲಲಿ. ಹೆಣ್ಣಮಕ್ಕಳು ಭಿಕ್ಕುಗಳಿಗೆ ಮುಟ್ಟಂಗಿಲ್ಲ, ಏನಾರ ಕೈಯಾಗೇ ಕೊಡಂಗಿಲ್ಲ.

ಊಟಕ್ಕ ಹಳದಿ ಬಾವುಟದ ಮ್ಯಾಲ ಕೆಂಪು ಅಕ್ಷರ ಬರದ ಅಂಗಡಿ ಹುಡುಕ್ರಿ, 'ಕಿನ್ ಜೇ' ಅನ್ರಿ. ಮಾಂಸ, ಮೀನು, ಮೊಟ್ಟಿ, ಬಳ್ಳೊಳ್ಳಿ ಯಾವುದೂ ಹಾಕಂಗಿಲ್ಲ. ಕಾಲುವಿ ದಂಡಿಗೆ ಅಂಥ ಅಂಗಡಿ ಸಿಗ್ತದಂತ ನಂಬಬ್ಯಾಡ್ರಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡೇ ಹೋಗ್ರಿ.